ಮಗಳ ಮನೆಯ ಸೀರೆ

ಸೀಮೆಸುಣ್ಣ ಎರಡು ತುಂಡಾಯಿತು, ಬಿಲಾಂಗ್ ಎಂಬ ಇಂಗ್ಲಿಷ್ ಶಬ್ದದ ಕೊನೆಯ ಅಕ್ಷರಕ್ಕೆ ಬಾಲ ಎಳೆಯುವಷ್ಟರಲ್ಲಿ, ಒಂದು ತುಂಡು ಕೆಳಗೆ ಬಿದ್ದು ಮೇಜಿನ ಕಾಲಿನ ಹತ್ತಿರ ಉರುಳಿ ಹೋಯಿತು, ಎಂಟು ತಿಂಗಳ ಹೊಟ್ಟೆ ಹೊತ್ತ ಜಯಾ ಬಗ್ಗುವ ಹಾಗಿಲ್ಲ, ಬಗ್ಗಲಿಲ್ಲ, ಕೈಯಲ್ಲಿ ಉಳಿದ ಚೂರಿನಿಂದಲೇ ಅದರ ಕೆಳಗೆ ಫಿಟ್ ಇನ್ ಎಂದು ಬರೆದಳು, ಆಮೇಲೆ ಬ್ಲೆಂಡ್ ಇನ್, ಗೆಟ್ ಅಲಾಂಗ್, ಕನ್‌ಫಾರ್ಮ್ — ಅಕ್ಷರ ದುಂಡಗೆ ಬರುತ್ತಿವೆ, ಅದೇ ಸೋಜಿಗ, ಹತ್ತು ನಿಮಿಷದ ಹಿಂದೆ ವರಾಂಡದ ಕಂಬಕ್ಕೆ ಆನಿಕೊಂಡು ತಮ್ಮ ಮಾಲತೇಶನ ಫೋನನ್ನು ಕಿವಿಗೆ ಒತ್ತಿ ಹಿಡಿದ ಕೈ ಇದೇ ತಾನೇ, ಅಕ್ಕಾ, ಅವ್ವ ಹ್ವಾದ್ಲು, ಎಂದ ಅವನು, ಹೊಲಕ್ಕ ಹೊಂಟಾಕಿ ಬುಟ್ಟಿ ಎತ್ತಿದ್ಲು, ಯಾಕೋ ಎದಿ ಹಿಡದಂಗಾತು ಅಂತ ಕಟ್ಟಿ ಮ್ಯಾಲ ಕುಂತ್ಲು, ಕುಂತಾಕಿ ಏಳಲೇ ಇಲ್ಲ, ಮಣ್ಣು ನಾಕಕ್ಕ ಇಟ್ಟೇವಿ, ನೀ ಬಸರಿ, ಹೆಣದ ಮುಂದ ಬರಬಾರದು ಅಂತ ಹಿರ್ಯಾರು ಅಂತಾರ, ನಿನಗ ಹ್ಯಾಂಗ ಅನಸ್ತೈತಿ ಹಂಗ ಮಾಡು — ಹೂಂ ಎಂದಳು, ಮತ್ತೊಮ್ಮೆ ಹೂಂ ಎಂದಳು, ಅಷ್ಟರಲ್ಲಿ ಗಂಟೆ ಹೊಡೆಯಿತು, ಕಾಲುಗಳು ತಾವಾಗಿಯೇ ತರಗತಿಗೆ ನಡೆದವು, ಗಾಣದೆತ್ತಿಗೆ ದಾರಿ ತೋರಿಸಬೇಕೇ. ಫೋನು ಇಡುವ ಮುಂಚೆ ಇನ್ನೂ ಒಂದು ಮಾತು ಹೇಳಿದ್ದ ಮಾಲತೇಶ. ಆ ಮಾತನ್ನು ಈಗ ನೆನೆಯಬಾರದು, ಹುಡುಗಿಯರು ನೋಡುತ್ತಿದ್ದಾರೆ, ಬೆರಳಿಗೆ ಹತ್ತಿದ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು, ಹಸಿರು ಸೆರಗಿನ ಮೇಲೆ ಮೂರು ಬಿಳಿ ಗೀರು ಎದ್ದವು, ಕಂಡಳು, ತಟ್ಟನೆ ಕಣ್ಣು ಕಿತ್ತು ಕಿಟಕಿಯ ಆಚೆ ಇಟ್ಟಳು.

ಆಚೆ ಹೆದ್ದಾರಿ, ಪುಣೆಯ ಕಡೆ ಹೋಗುವ ಲಾರಿಗಳು, ಈ ಶಿಗ್ಗಾಂವದ ನಿಲ್ದಾಣದಿಂದ ಹಾನಗಲ್ಲಿಗೆ ಒಂದೂಕಾಲಿಗೆ ಬಸ್ಸಿದೆ, ಬಂಕಾಪುರ ಹಾಯ್ದು ಹೋದರೆ ಮೂರರೊಳಗೆ ಊರು ಮುಟ್ಟಬಹುದು, ಮುಖ ನೋಡಲು ಸಿಗುತ್ತದೆ, ಒಂದು ಹಿಡಿ ಮಣ್ಣು ಹಾಕಲು ಸಿಗುತ್ತದೆ, ಆದರೆ ಸವಣೂರಿನ ಮನೆಯಲ್ಲಿ ಏನೆಂದು ಹೇಳುವುದು, ಅತ್ತೆ ವೀರವ್ವ ಎರಡೂವರೆಗೆ ಬಾಗಿಲಲ್ಲಿ ನಿಂತಿರುತ್ತಾಳೆ, ಬಂದಿ ಏನವಾ, ಕಾಲು ಬಾತಾವೇನು ನೋಡೂಣು, ಅಂಥ ಅತ್ತೆಗೆ, ನನ್ನವ್ವ ಸತ್ತಾಳ ಎಂದರೆ, ಯಾವ ಅವ್ವ ಎನ್ನುತ್ತಾಳೆ — ಸತ್ತವಳು ಎಷ್ಟು ಸಲ ಸಾಯುತ್ತಾಳೆ. ಮದಿಹಾ ಎದ್ದು ನಿಂತಿದ್ದಾಳೆ, ಮುಂದಿನ ಬೆಂಚಿನ ಹುಡುಗಿ, ಮೇಡಂ, ಬ್ಲೆಂಡ್ ಇನ್ ಅಂದ್ರ ಮಿಕ್ಸಿಗೆ ಹಾಕೂದನ್ರಿ, ಎಂದು ಕೇಳಿ ತಾನೇ ನಾಲಿಗೆ ಕಚ್ಚಿಕೊಂಡಳು, ತರಗತಿ ಗೊಳ್ಳೆಂದಿತು, ಜಯಾ ಕೂಡ ನಕ್ಕಳು, ನಗು ಹೇಗೆ ಬಂತೋ, ಅಲ್ಲವಾ, ಎಲ್ಲಾರ ನಡುವ ಇದ್ದು ಬ್ಯಾರೆದಾಕಿ ಅಂತ ಗೊತ್ತಾಗದಂಗ ಇರೂದು, ಎಂದಳು, ಹಿಂದಿನಿಂದ ಪೂಜಾ ಎನ್ನುವವಳು, ಹಂಗಾರ ಕಳ್ಳರೂ ಬ್ಲೆಂಡ್ ಇನ್ ಆಗ್ತಾರಲ್ರಿ ಮೇಡಂ, ಎಂದಳು, ಮತ್ತೆ ನಗು, ಹೌದವಾ, ಆಗ್ತಾರ, ಬರಕೋರಿ ಎಂದಳು ಜಯಾ. ಐದು ಶಬ್ದ ಬರೆಸಿ ಪ್ರತಿಯೊಂದಕ್ಕೂ ಒಂದೊಂದು ವಾಕ್ಯ ಮಾಡಲು ಹೇಳಿದಳು, ಪರೀಕ್ಷೆಗೆ ಬರುವ ಪ್ರಶ್ನೆ, ಕೂಡಿ ಬಾಳುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಶಬ್ದ, ಈ ಹುಡುಗಿಯರಿಗೆಲ್ಲ ಮೊದಲೇ ಗೊತ್ತಿರುವುದು ಅಡ್ಜಸ್ಟ್ ಒಂದೇ, ಅದನ್ನು ಯಾರೂ ಕಲಿಸಬೇಕಿಲ್ಲ, ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವಳು ಬಂದಾಗ ತಾನಾಗಿಯೇ ಬರುತ್ತದೆ. ಅಡ್ಜಸ್ಟ್ ಮಾಡ್ಕೊ ಜಯಾ, ಎಂದಿದ್ದ ಚನ್ನೇಶ, ಆಗ ಇನ್ನೂ ಗಂಡನಾಗಿರಲಿಲ್ಲ, ಧಾರವಾಡದಲ್ಲಿ ಅವಳು ಎಂಎ ಓದುವಾಗ ಪರಿಚಯವಾದವನು, ಸವಣೂರಿನ ಎಲೆತೋಟದ ಮಹಾಲಿಂಗಪ್ಪನವರ ಒಬ್ಬನೇ ಮಗ, ನಮ್ಮಪ್ಪ ಕೇಳೂದು ಒಂದ ಮಾತು, ನಮ್ಮವರೊ ಅಲ್ಲೊ, ಹೌದು ಅಂದ್ರ ಮುಗೀತು, ವಧು ಕರೇದೊ ಕೆಂಪೊ ಅಂತನೂ ನೋಡಂಗಿಲ್ಲ, ಕುರಿ ಕೋಳಿ ತಿನ್ನೋ ಮನಿ ಹುಡಿಗಿ ಅಂದ್ರ ಅವ್ವ ಹಾಸಿಗಿ ಹಿಡೀತಾಳ, ಸುಮ್ನ ಅಪ್ಪ ಅವ್ವ ಇಬ್ಬರೂ ಇಲ್ಲ ಅನ್ನು, ಹಿರೇಕೆರೂರ ಕಡೆ ನಮ್ಮ ಪೈಕಿ ಒಬ್ಬಾಕಿ ಚಿಗವ್ವ ಬೆಳೆಸ್ಯಾಳ ಅನ್ನು, ಎರಡು ವರ್ಷ, ಒಂದು ಕೂಸಾದಮ್ಯಾಲ ನಾನ ಎಲ್ಲಾ ಹೇಳ್ತೇನಿ. ಅಪ್ಪ ಉಳಿವೆಪ್ಪ ತೀರಿಕೊಂಡು ಹತ್ತು ವರ್ಷ, ಅದು ನಿಜವೇ, ನಿಜದ ಪಕ್ಕಕ್ಕೆ ಸುಳ್ಳನ್ನು ಕೂರಿಸಿಬಿಟ್ಟರೆ ಯಾರಿಗೂ ಎದ್ದು ಕಾಣುವುದಿಲ್ಲ, ಹೀಗೆ ಅವ್ವ ಹುಚ್ಚವ್ವ, ಹೊಲದಲ್ಲಿ ಮೆಣಸಿನಗಿಡದ ಸಾಲು ಹಿಡಿದು ಕಳೆ ತೆಗೆಯುತ್ತ ಇದ್ದ ಹೊತ್ತಿನಲ್ಲೇ, ಸವಣೂರಿನ ಒಂದು ಪಡಸಾಲೆಯಲ್ಲಿ ಸತ್ತುಹೋದಳು, ಮಹಾಲಿಂಗಪ್ಪನವರು ಪಾಪ ಎಂದರು, ವೀರವ್ವ ಅವಳ ಗದ್ದ ಹಿಡಿದು, ತಾಯಿ ಇಲ್ಲಂತ ಕೊರಗಬ್ಯಾಡ, ನಾ ಅದೇನಿ, ಎಂದಳು, ಅದನ್ನು ಮನಸ್ಸಿನಿಂದಲೇ ಹೇಳಿದಳು, ಅದೇ ಕಷ್ಟ.

ಹೊಂದಿಕೊಳ್ಳುವುದು ಎಂದರೆ ಇಷ್ಟು ಸಲೀಸು ಎಂದು ಗೊತ್ತಿರಲಿಲ್ಲ, ಚನ್ನೇಶ ಹುಬ್ಬಳ್ಳಿಯಿಂದ ಲಿಂಗದ ಕರಡಿಗೆ ತಂದುಕೊಟ್ಟ, ದಾರ ಹೊಸದೆಂದು ಕಾಣಬಾರದಲ್ಲ, ಎಣ್ಣೆಗೆ ಬೂದಿ ಕಲಸಿ ಉಜ್ಜಿ ಉಜ್ಜಿ ಹಳೆಯದು ಮಾಡಿದ, ಹುಟ್ಟಿನಿಂದ ಕೊರಳಲ್ಲಿದ್ದದ್ದರ ಹಾಗೆ, ಹಣೆಗೆ ಮೂರು ಬೆರಳಿನ ವಿಭೂತಿ ಸೊಟ್ಟಾಗದಂತೆ ಎಳೆಯುವುದನ್ನು ಕನ್ನಡಿಯ ಮುಂದೆ ಕಲಿತಳು, ಮೀನು ತಿನ್ನುವ ಕನಸು ಬಿದ್ದ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುತ್ತಿದ್ದಳು. ಮಧ್ಯಾಹ್ನ ಅತ್ತೆಯ ಜೊತೆ ಕೂತು ವೀಳ್ಯದೆಲೆ ಜೋಡಿಸುವಳು, ತುದಿ ಎಲ್ಲ ಒಂದೇ ಕಡೆಗೆ, ತೊಟ್ಟು ಒಂದೇ ಕಡೆಗೆ, ನಡುವೆ ಒಂದು ದೊಡ್ಡದೋ ಚಿಕ್ಕದೋ ಬಂದರೆ ವೀರವ್ವನ ಬೆರಳು ನೋಡದೆಯೇ ಅದನ್ನು ಹಿರಿದು ಬಿಸಾಡುತ್ತಿತ್ತು, ನೋಡದೆಯೇ, ಬರೀ ಮುಟ್ಟಿ, ಅದನ್ನು ಕಂಡು ಜಯಾ ಕೊರಳಿನ ಕರಡಿಗೆಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಎಲೆ ಹಾಕಿಕೊಳ್ಳುವ ಮುದುಕಿ, ಸುಣ್ಣದ ಬೆರಳನ್ನು ಸೆರಗಿಗೇ ಒರೆಸುವ ಚಟ, ಆ ಮನೆಯಲ್ಲಿ ಅತ್ತೆಯ ಸೀರೆ ಯಾವುದೆಂದು ಕೇಳಬೇಕಿಲ್ಲ, ಸೆರಗಿನಲ್ಲಿ ಬಿಳಿ ಗೀರು ಇದ್ದದ್ದೆಲ್ಲ ಆಕೆಯದೇ — ಗೀರು ಬೇಡ, ಅದು ಬೇಡ, ಬೇರೆ ಏನಾದರೂ. ಹಿರೇಕೆರೂರಿನ ಚಿಗವ್ವ ಬೇಕು, ಇಲ್ಲದ ಚಿಗವ್ವ, ಮದುವೆಗೆ ಬರಲಿಲ್ಲ ಯಾಕೆ, ಮೊಳಕಾಲು ಬ್ಯಾನಿರಿ, ದೀಪಾವಳಿಗೆ ಯಾಕೆ ಬರಲಿಲ್ಲ, ಕಣ್ಣಿನ ಆಪರೇಷನ್ರಿ, ಪಾಪ ಆ ಹೆಂಗಸಿನ ಮೈಯಲ್ಲಿ ನೆಟ್ಟಗೆ ಇರುವ ಒಂದು ಅಂಗವನ್ನೂ ಉಳಿಸಲಿಲ್ಲ ಇವರಿಬ್ಬರು, ಊರಿಗೆ ಬಂದವಳು ನೀರಿಗೆ ಬಾರಳೇ ಎಂದು ದಿನವೂ ಹೆದರಿಕೆ, ಹಿರೇಕೆರೂರೇನು ಕಾಶಿಯೇ, ಸಂತೆಗೆ ಬಂದವನೊಬ್ಬ ಸಾಕು, ಆದರೆ ಯಾರೂ ಬರಲಿಲ್ಲ, ವರ್ಷ ಕಳೆಯಿತು, ಹೆದರಿಕೆ ಕೂಡ ಹೊಂದಿಕೊಂಡಿತು.

ಸತ್ತ ಅವ್ವ ತಿಂಗಳಿಗೊಮ್ಮೆ ಬಂಕಾಪುರದ ಬಸ್ ನಿಲ್ದಾಣಕ್ಕೆ ಬರುತ್ತಿದ್ದಳು. ಅವರ ಮನ್ಯಾಗಿನವರು ಇನ್ನೂ ಸಿಟ್ಟಿನಾಗ ಅದಾರಬೇ, ನೀ ಈಗ ಬರಬ್ಯಾಡ, ಎಂದಷ್ಟೇ ಹೇಳಿದ್ದಳು ಜಯಾ, ನಿನ್ನ ಸಾಯಿಸಿಬಿಟ್ಟೇನಿ ಎಂದು ಹೇಳಲು ನಾಲಿಗೆ ಏಳಲಿಲ್ಲ, ಅವ್ವ ಅಷ್ಟನ್ನೇ ನಂಬಿದಳು, ಸಿಟ್ಟು ಏನವಾ, ಹಾಲಿನಂಗ, ಉಕ್ಕಿ ಇಳೀತೈತಿ, ಎನ್ನುವಳು, ಕಡೆಯ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತು ಬಟ್ಟೆ ಬಿಚ್ಚುವಳು, ರೊಟ್ಟಿಯೊಳಗೆ ಸುತ್ತಿದ ಹುರಿದ ಒಣಮೀನು, ಜಯಾ ಗಬಗಬ ತಿನ್ನುವಳು, ಕಳ್ಳಿಯ ಹಾಗೆ ಸುತ್ತ ನೋಡಿಕೊಂಡು, ಆಮೇಲೆ ನಳದ ಬುಡದಲ್ಲಿ ಕೈ ತಿಕ್ಕಿ ತೊಳೆದು ಒಂದು ಚಿಟಿಕೆ ಜೀರಿಗೆ ಅಗಿಯುವಳು, ಅವ್ವ ನೋಡುತ್ತ ಕೂರುವಳು, ಅಲ್ಲಿ ಉಪವಾಸ ಹಾಕ್ತಾರನ ನಿನ್ನ, ಇಲ್ಲಬೇ, ಛಲೋ ನೋಡ್ಕೋತಾರ, ಮತ್ಯಾಕ ಹಿಂಗ ತಿಂತಿ — ಬಸುರಿಗೆ ಆರು ತಿಂಗಳಾದ ಮೇಲೆ ಇನ್ನೊಂದು ಬಸ್ಸಿನ ಕುಲುಕಾಟ ಬೇಡವೆಂದು ಬಂಕಾಪುರವೂ ನಿಂತಿತು, ನಿಂತದ್ದಕ್ಕೆ, ಈಗ ಹೇಳಿಬಿಡಬೇಕು, ಇವಳಿಗೆ ಒಳಗೊಳಗೇ ಹಗುರಾಗಿತ್ತು. ಏಳನೇ ತಿಂಗಳಿಗೆ ಸೀಮಂತದ ಕುಬಸ ಇಟ್ಟರು ಮನೆಯಲ್ಲಿ, ಕುಬಸವೆಂದರೆ ತವರಿನವರದೇ ಜೋರು, ಹಸಿರು ಸೀರೆ, ರವಿಕೆ, ಬುಟ್ಟಿ ತುಂಬ ಬುತ್ತಿ, ಓಣಿಯಲ್ಲಿ ಮನೆಮನೆಗೆ ಹಂಚಬೇಕು, ತವರಿಲ್ಲದ ಹುಡುಗಿಗೆ ತಾನೇ ತವರಾಗುತ್ತೇನೆಂದು ವೀರವ್ವ ಎಲ್ಲ ಸಿದ್ಧ ಮಾಡಿಸಿದ್ದಳು, ಫೋನಿನಲ್ಲಿ ಅವ್ವನಿಗೆ ಬಾಯಿ ತಪ್ಪಿ ಕುಬಸದ ದಿನ ಹೇಳಿದ್ದು ಜಯಾಳದೇ ತಪ್ಪು, ಹನ್ನೊಂದರ ಹೊತ್ತಿಗೆ ಓಣಿಯ ಹೆಂಗಸರು ಅವಳನ್ನು ಹಲಗೆಯ ಮೇಲೆ ಕೂರಿಸಿ ಹಾಡು ಎತ್ತಿದ್ದಾರೆ, ಬಾಗಿಲ ಬೆಳಕಿಗೆ ಅಡ್ಡ ಯಾರೋ ನಿಂತರು, ತಲೆಯ ಮೇಲೆ ಬಿಳಿ ಬಟ್ಟೆ ಬಿಗಿದ ಬುಟ್ಟಿ, ಹಾನಗಲ್ಲಿನಾಚೆಯಿಂದ ಎರಡು ಬಸ್ಸು ಬದಲಿಸಿ, ಎಲೆತೋಟದ ಮಹಾಲಿಂಗಪ್ಪನವರ ಮನಿ ಯಾವುದ್ರಿ ಎಂದು ಕೇಳಿಕೊಂಡು, ಬೆವರಿ, ಕುಂಕುಮವಿಲ್ಲದ ಹಣೆ, ನಗುಮುಖ.

ಯಾರವಾ ನೀನು, ಎಂದಳು ವೀರವ್ವ. ಅವ್ವ ಮಗಳ ಕಡೆ ನೋಡಿದಳು, ನೀನೇ ಹೇಳು ಎಂಬ ಹಾಗೆ, ಹೆಮ್ಮೆಯಿಂದ, ಹಾಡು ನಿಂತಿದೆ, ಓಣಿಯ ಇಪ್ಪತ್ತು ಹೆಂಗಸರು ತಿರುಗಿದ್ದಾರೆ, ಚನ್ನೇಶ ಒಳಬಾಗಿಲಲ್ಲಿ ನೀರಿನ ಕೊಡ ಹಿಡಿದು ಕಲ್ಲಾಗಿದ್ದಾನೆ, ನೆಲ ಬಿರಿಯಬಾರದೇ ಎನಿಸಿತು, ಬಿರಿಯಲಿಲ್ಲ, ಜಯಾಳ ಬಾಯಿಯೇ ಬಿರಿಯಿತು — ನಮ್ಮ ಚಿಗವ್ವನ ಹೊಲದಾಗ ದುಡೀತಾಳ್ರಿ, ಹಾಲವ್ವ ಅಂತ, ಚಿಗವ್ವ ಕಳಿಸ್ಯಾಳ. ಹಾಲವ್ವ ಎಂಬ ಹೆಸರು ಎಲ್ಲಿಂದ ಬಂತೋ, ಅಷ್ಟು ಬೇಗ, ತೊದಲದೆ. ಅವ್ವನ ನಗು ತಕ್ಷಣ ಹೋಗಲಿಲ್ಲ, ಅದನ್ನು ಜಯಾ ಸಾಯುವವರೆಗೆ ಮರೆಯುವುದಿಲ್ಲ, ನಗು ಇದ್ದಲ್ಲೇ ಇತ್ತು, ಕಣ್ಣು ಮಾತ್ರ ಒಂದು ಸುತ್ತು ಹಾಕಿತು, ಹಲಗೆ, ಆರತಿ, ಅಳಿಯ, ಓಣಿ, ಮಗಳ ಕೊರಳಿನ ಕರಡಿಗೆ, ಎಲ್ಲವನ್ನೂ ಓದಿಕೊಂಡಿತು, ಶಾಲೆಯ ಮೆಟ್ಟಿಲು ಹತ್ತದ ಕಣ್ಣು, ಆಮೇಲೆ ಬುಟ್ಟಿ ಇಳಿಸಿ ಸೆರಗು ತಲೆಯ ಮೇಲೆ ಎಳೆದುಕೊಂಡಳು, ಹೌದ್ರೀ, ಅಮ್ಮಾರು ಕಳಿಸ್ಯಾರ್ರಿ, ಅವರಿಗೆ ಮೊಳಕಾಲು ಬ್ಯಾನಿ ನೋಡ್ರಿ — ಮೊಳಕಾಲಿನ ಸುಳ್ಳು ಅವ್ವನಿಗೆ ಯಾರು ಹೇಳಿಕೊಟ್ಟರು, ಯಾರೂ ಇಲ್ಲ, ಬಡವರ ಬಾಯಿಗೆ ಆ ನೆವ ತಾನಾಗಿಯೇ ಬರುತ್ತದೆ. ಬುತ್ತಿ ಒಳಗೆ ಹೋಯಿತು, ಹೊತ್ತು ತಂದವಳು ಹೊರಗೆ ಕಟ್ಟೆಯ ಮೇಲೆ ಉಳಿದಳು, ಬುಟ್ಟಿಯಲ್ಲಿದ್ದ ಹಸಿರು ಸೀರೆಯನ್ನು ವೀರವ್ವ ಜಯಾಳಿಗೆ ಹೊದಿಸಿದಳು, ಚಿಗವ್ವನ ಸೀರಿ, ಛಲೋ ಆರಿಸ್ಯಾಳ ಬಿಡು, ರೊಟ್ಟಿ ಹಂಚಿದರು, ಶೇಂಗಾ ಹೋಳಿಗೆ ಹಂಚಿದರು, ಯಾವ ಒಲೆಯದೆಂದು ತಿಳಿಯದೆ ಓಣಿಗೆ ಓಣಿಯೇ ಮುರಿದು ತಿಂದಿತು, ಎಷ್ಟ ತೆಳ್ಳಗ ಬಡದಾರವಾ ರೊಟ್ಟಿ, ಹಿರೇಕೆರೂರ ಕಡೆ ಕೈ ಅಂದ್ರ ಕೈ, ಎಂದರು, ಹೊರಗೆ ಕೂತವಳಿಗೂ ಕೇಳಿಸಿತು. ಉಂಡು ಹೋಗಬೇ ಎಂದು ವೀರವ್ವ ತಾನೇ ಎಲೆ ಇಟ್ಟು ಬಡಿಸಿದಳು, ಕೆಟ್ಟವಳಲ್ಲ, ಅಷ್ಟು ದೂರದಿಂದ ಹೊತ್ತು ತಂದವಳನ್ನು ಬರಿಗೈಲಿ ಕಳಿಸಬಾರದೆಂದು ಒಳಗೆ ಹೋಗಿ ತಾನು ಉಟ್ಟು ಬಿಟ್ಟ ಸೀರೆಯೊಂದನ್ನು ತಂದಳು, ಬಾಡಿದ ಎಲೆಯ ಬಣ್ಣದ್ದು, ತಗೋ ಹಾಲವ್ವ, ಹಳೇದು, ಇನ್ನೂ ಗಟ್ಟಿ ಐತಿ, ಹೊಲಕ್ಕ ಉಟ್ಕೋ, ಅವ್ವ ಎರಡೂ ಕೈಯೊಡ್ಡಿ ತೆಗೆದುಕೊಂಡಳು, ಕಂಕುಳಲ್ಲಿ ಇಟ್ಟುಕೊಂಡಳು, ಸೆರಗು ಹೊರಗೆ ಬಂದಿತ್ತು, ಸೆರಗಿನ ಮೇಲೆ ಮೂರು ಬೆರಳಿನ ಸುಣ್ಣ, ಬಿಳಿ ಗೀರು, ಎಷ್ಟು ಒಗೆದರೂ ಹೋಗದ್ದು, ಹೋಗುವಾಗ ಬಾಗಿಲಿಗೆ ಬಂದು, ಹೊಟ್ಟೆಯಲ್ಲಿ ಹೊತ್ತು ಹೆತ್ತ ಮಗಳಿಗೆ, ಬರ್ತೇನ್ರಿ ಅಕ್ಕಾರ, ಎಂದಳು.

ಬರ್ತೇನ್ರಿ ಅಕ್ಕಾರ. ಅಂದು ಸಂಜೆ ಬಚ್ಚಲಿನಲ್ಲಿ ನಿಂತು ಫೋನು ಮಾಡಿದ್ದಳು, ಅವ್ವ ಬಯ್ಯಲಿ ಎಂದುಕೊಂಡೇ ಮಾಡಿದ್ದಳು, ರಂಡಿ ಎನ್ನಲಿ, ನೀ ಸತ್ತಿ ಎನ್ನಲಿ, ಅವ್ವ ಎಂದದ್ದು, ನೀ ಛಲೋ ಮಾಡಿದಿ, ನಾ ಹೇಳದ ಬಂದಿದ್ದು ತಪ್ಪು, ನಿಮ್ಮತ್ತಿ ಭಾಳ ಒಳ್ಳ್ಯಾಕಿ, ಸೀರಿ ಗಟ್ಟಿ ಐತಿ, ಊಟ ಆತಿಲ್ಲೊ, ಅಷ್ಟೇ, ಆಮೇಲೆ ನಲವತ್ತು ದಿನ ಅವಳಾಗಿ ಒಂದು ಸಲವೂ ಫೋನು ಮಾಡಲಿಲ್ಲ, ಇವಳೂ ಮಾಡಲಿಲ್ಲ, ನಾಳೆ ಮಾಡಿದರಾಯಿತು, ಕೂಸು ಹುಟ್ಟಿದ ಮೇಲೆ ಎಲ್ಲ ಹೇಳಿದರಾಯಿತು — ಗಂಟೆ, ಬೆಂಚುಗಳ ಸದ್ದು, ಮೇಡಂ ವಾಕ್ಯ ನಾಳೆ ತೋರಸ್ತೇವ್ರಿ, ಹೂಂ ನಾಳೆ, ಬೋರ್ಡು ಒರೆಸಲಿಲ್ಲ, ಐದೂ ಶಬ್ದ ಅಲ್ಲಿಯೇ ಉಳಿದವು, ಉಳಿಯಲಿ. ಬಿಸಿಲು ನೆತ್ತಿ ಸುಡುತ್ತಿದೆ, ಜೊತೆಗೆ ಇತಿಹಾಸ ಕಲಿಸುವ ಗುಲ್ನಾರ, ದಿನವೂ ಸವಣೂರಿನ ಬಸ್ಸಿಗೆ ಒಟ್ಟಿಗೆ ಹೋಗುವವಳು, ಚೀಲ ಕೊಡು ಇಲ್ಲೆ ಎಂದು ಕಿತ್ತುಕೊಂಡು ಹಿಡಿದಿದ್ದಾಳೆ, ನಿಲ್ದಾಣದಲ್ಲಿ ಎರಡೂ ಬಸ್ಸು ನಿಂತಿವೆ, ಒಂದರ ಹಣೆಯ ಮೇಲೆ ಹಾನಗಲ್, ಪಕ್ಕದ್ದರ ಮೇಲೆ ಸವಣೂರು, ಹತ್ತು ಹೆಜ್ಜೆಯ ಅಂತರ. ಹತ್ತಿಬಿಡಬೇಕು, ಹತ್ತಿ ಕೂತು ಅಲ್ಲಿಂದಲೇ ವೀರವ್ವನಿಗೆ ಫೋನು ಮಾಡಬೇಕು, ಅತ್ತಿ, ಅವತ್ತು ಕಟ್ಟಿ ಮ್ಯಾಲ ಉಂಡು ಹೋದಾಕಿ ನಮ್ಮವ್ವರಿ, ಅಷ್ಟೇ ಮಾತು, ಆಮೇಲೆ ಏನಾಗುತ್ತದೋ ಆಗಲಿ, ಹಾಸಿಗೆ ಹಿಡಿಯಲಿ, ಹೊರಗೆ ಹಾಕಲಿ, ಕೂಸಿಗೆ ಸತ್ತ ಅಜ್ಜಿಯಾದರೂ ನಿಜದವಳು ಇರಲಿ, ಆದರೆ ಬಸುರಿ ಹೆಣ ನೋಡಬಾರದಲ್ಲ, ಕೂಸಿಗೆ ಏನಾದರೂ ಆದರೆ, ಹಿರಿಯರೇ ಬೇಡವೆಂದಿದ್ದಾರೆ, ನೆವ ಎಷ್ಟು ಚೆನ್ನಾಗಿದೆ, ಮೊಳಕಾಲು ನೋವಿನ ಹಾಗೆ, ಯಾರೂ ತಪ್ಪೆನ್ನುವುದಿಲ್ಲ, ಥೂ. ಯಾಕ ಜಯಾ, ಮಾರಿ ಹಿಂಗ್ಯಾಕಾಗೇತಿ, ಆರಾಮಿಲ್ಲೇನು, ಎಂದಳು ಗುಲ್ನಾರ, ತೋಳು ಹಿಡಿದುಕೊಂಡು, ಕೇಳಿಯೇ ಬಿಟ್ಟಳಲ್ಲ, ಇವಳಿಗೆ ಹೇಳಬಹುದು, ಇವಳೇನು ನೆಂಟಳಲ್ಲ ಬಳಗವಲ್ಲ, ನಮ್ಮವ್ವ ಎಂದು ಶುರು ಮಾಡಿದರೆ ಉಳಿದದ್ದು ತಾನೇ ಬರುತ್ತದೆ, ಬಾಯಿ ತೆರೆದಳು — ನಮ್ಮ ಊರಾಗ ಒಬ್ಬಾಕಿ ಇದ್ಲು, ಹಾಲವ್ವ ಅಂತ, ಚಿಗವ್ವನ ಹೊಲಕ್ಕ ಬರ್ತಿದ್ಲು, ಮುಂಜಾನೆ ತೀರ್ಕೊಂಡ್ಲಂತ. ಅಯ್ಯ ಪಾಪ, ಎಂದಳು ಗುಲ್ನಾರ, ಮಕ್ಕಳು ಮರಿ ಅದಾರನ ಆಕಿಗೆ. ಒಬ್ಬಾವ ಮಗ ಅದಾನ. ಹೆಣ್ಮಕ್ಕಳು? ಇಲ್ಲ, ಎಂದಳು ಜಯಾ.

ಇಲ್ಲ ಎಂದದ್ದು ತನ್ನ ಕಿವಿಗೇ ಕೇಳಿಸಿತು, ಕಾಲು ಆಗಲೇ ಸವಣೂರು ಬಸ್ಸಿನ ಮೆಟ್ಟಿಲ ಮೇಲಿತ್ತು, ಗುಲ್ನಾರ ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟು ಹತ್ತಿಸಿದಳು, ಹುಷಾರಿ, ಕಿಟಕಿಯ ಕಡೆ ಸೀಟು, ಯಾರೋ ಸರಿದು ಜಾಗ ಮಾಡಿಕೊಟ್ಟರು, ಬಸರಿ ಹೆಣ್ಮಗಳು ಕುಂಡ್ರಿ ಕುಂಡ್ರಿ, ಎಲ್ಲರೂ ಎಷ್ಟು ಒಳ್ಳೆಯವರು, ಕಂಡಕ್ಟರ್ ಬಂದು, ಎಲ್ಲಿಗ್ರಿ ಅಕ್ಕಾರ, ಎಂದ, ಅಕ್ಕಾರ, ಸವಣೂರು ಎಂದಳು, ಆಧಾರ್ ತೋರಿಸಿದಳು, ಪಕ್ಕದ ಬಸ್ಸು ಹಿಂದಕ್ಕೆ ಸರಿದು ತಿರುಗಿಕೊಂಡು ಹೊರಟಿತು, ಹಾನಗಲ್ ಎಂಬ ಅಕ್ಷರ ಧೂಳಿನಲ್ಲಿ ಒಂದು ಸಲ ಕಂಡು ಹೋಯಿತು, ಒಳಗೆ ಕೂಸು ಒದೆಯಿತು, ಎರಡು ಸಲ, ಆಮೇಲೆ ಅದೂ ಸುಮ್ಮನಾಯಿತು, ಅಳು ಬರುವುದಿಲ್ಲ, ಯಾವ ಹೆಸರಿಟ್ಟು ಅಳುವುದು, ಹುಚ್ಚವ್ವ ಎಂದರೆ ಯಾರೂ ಇಲ್ಲ, ಹಾಲವ್ವ ಎಂದರೆ ಹೊಲದಾಕೆ, ಅಷ್ಟಕ್ಕೆ ಯಾರಾದರೂ ಅಳುತ್ತಾರೆಯೇ. ಮತ್ತೆ ಮಾಲತೇಶನ ಆ ಮಾತು, ಆಗಿನಿಂದ ತಳ್ಳುತ್ತ ಬಂದದ್ದು, ಇನ್ನು ತಳ್ಳಲು ಜಾಗವಿಲ್ಲ, ಅಕ್ಕಾ, ಮಣ್ಣು ಮಾಡೂವಾಗ ಅವ್ವನ ಮ್ಯಾಲ ಮಗಳ ಮನಿ ಸೀರಿ ಹೊದಸಬೇಕಲ್ಲ, ನೀ ಹ್ಯಾಂಗ ತರ್ತಿ ಅಂತ ನಾವು ಚಿಂತಿ ಮಾಡಾಕತ್ತಿದ್ವಿ, ಅವ್ವನ ಟ್ರಂಕ್ ತಗದು ನೋಡಿದ್ರ ಒಂದು ಸೀರಿ ಮಡಚಿ ಇಟ್ಟಾಳ, ಒಂದ ದಿನಾನೂ ಉಟ್ಟಿಲ್ಲ, ಯಾರು ಕೇಳಿದ್ರೂ, ಇದು ನನ್ನ ಮಗಳ ಮನ್ಯಾಗ ಕೊಟ್ಟಿದ್ದು ಅಂತಿದ್ಲು, ಅದನ್ನ ಹೊದಸ್ತೇವಿ, ನೀ ಬರದಿದ್ರೂ ನಡೀತೈತಿ. ನಡೆಯುತ್ತದೆ. ಅವ್ವ ತಂದ ಹಸಿರು ಸೀರೆ ತನ್ನ ಮೈಮೇಲಿದೆ, ಬೆಳಿಗ್ಗೆ ಏನೂ ತಿಳಿಯದೆ ಉಟ್ಟು ಬಂದದ್ದು, ಅಲ್ಲಿ ಕಟ್ಟೆಯ ಮೇಲೆ ಕುಳ್ಳಿರಿಸಿದ ಅವ್ವನ ಮೇಲೆ ಬಾಡಿದೆಲೆಯ ಬಣ್ಣದ ಆ ಸೀರೆ, ಈಗ ಹೊದಿಸುತ್ತಿರಬಹುದು, ಊರವರು ನೋಡುತ್ತಿರಬಹುದು, ಮಗಳ ಮನಿ ಸೀರಿ ಬಂತಲ್ಲ ಬಿಡು ಎನ್ನುತ್ತಿರಬಹುದು, ಸೆರಗನ್ನು ಎದೆಯ ಮೇಲೆ ಸರಿಮಾಡುತ್ತಾರೆ, ಸೆರಗು ಮೇಲೆಯೇ ಬರುತ್ತದೆ, ಸೆರಗಿನ ಮೇಲೆ ಸುಣ್ಣ, ಮೂರು ಬೆರಳು, ಮೂರು ಬಿಳಿ ಗೀರು, ಎಷ್ಟು ಒಗೆದರೂ, ಮೂರು ಬಿಳಿ ಗೀರು